ಎರಡು ದಾಳ, ಒಂದು ನಾಣ್ಯ, ಒಂದು ಹಾಳೆ: ಸಂಭವನೀಯತೆ ಕಲಿಯುವ ದಾರಿ

ಸಂಭವನೀಯತೆ ಅಂದ ಕೂಡಲೇ ಹಲವರು ಸೂತ್ರ ಹುಡುಕುತ್ತಾರೆ. ಅದನ್ನು ಆಮೇಲೆ ನೋಡೋಣ. ಮೊದಲು ಎರಡು ದಾಳ, ಒಂದು ನಾಣ್ಯ, ಹಾಳೆ, ಪೆನ್ಸಿಲ್ ಇಟ್ಟುಕೊಂಡು ಕುಳಿತುಕೊಳ್ಳಿ. ಒಂದು ದಾಳ ಕೆಂಪು, ಇನ್ನೊಂದು ಬಿಳಿ ಇದ್ದರೆ ಒಳ್ಳೆಯದು.

1. ಎಲ್ಲ ಸಾಧ್ಯತೆ ಬರೆದಿಡಿ

ಆರು ಅಡ್ಡಸಾಲು, ಆರು ಕಂಬಸಾಲು ಎಳೆಯಿರಿ. ಅಡ್ಡಸಾಲು ಕೆಂಪು ದಾಳಕ್ಕೆ, ಕಂಬಸಾಲು ಬಿಳಿಗೆ. ಒಟ್ಟು 36 ಮನೆ. ಪ್ರತಿ ಮನೆಯಲ್ಲೂ ಎರಡರ ಮೊತ್ತ ತುಂಬಿ. ಈಗ 7 ಎಲ್ಲೆಲ್ಲಿದೆ ನೋಡಿ. ಮೂಲೆಯಿಂದ ಮೂಲೆಗೆ ಓರೆಯಾಗಿ ಆರು ಮನೆಗಳಲ್ಲಿ ಸಾಲಾಗಿ ಸಿಗುತ್ತದೆ. 2 ಇರುವುದು ಒಂದೇ ಮನೆಯಲ್ಲಿ. ಹಾಗಾಗಿ 7 ಬೀಳುವ ಸಂಭವನೀಯತೆ 6/36, 2 ಬೀಳುವುದು 1/36.

2ರಿಂದ 12ರವರೆಗೆ 11 ಮೊತ್ತಗಳಿವೆ, ಆದ್ದರಿಂದ ಪ್ರತಿಯೊಂದಕ್ಕೂ 1/11 ಅಂದುಕೊಂಡರೆ ಲೆಕ್ಕ ತಪ್ಪಿತು. ಸಮನಾಗಿರುವುದು ಮನೆಗಳು, ಮೊತ್ತಗಳಲ್ಲ. ಕೆಂಪು 3, ಬಿಳಿ 4 ಒಂದು ಮನೆ. ಕೆಂಪು 4, ಬಿಳಿ 3 ಬೇರೆಯೇ ಮನೆ. ಬಣ್ಣ ಬೇರೆ ಇರಲಿ ಅಂದಿದ್ದು ಇದಕ್ಕೇ. ಮೂರು ದಾಳ ಎಸೆದಾಗ 9ಕ್ಕಿಂತ 10 ಯಾಕೆ ತುಸು ಜಾಸ್ತಿ ಬೀಳುತ್ತದೆ ಎಂಬ ಪ್ರಶ್ನೆಗೆ ಗೆಲಿಲಿಯೊ ಉತ್ತರ ಕಂಡುಕೊಂಡಿದ್ದೂ ಹೀಗೆ ಎಣಿಸಿಯೇ. 216 ಸಾಧ್ಯತೆಗಳಲ್ಲಿ 9ಕ್ಕೆ 25, 10ಕ್ಕೆ 27.

2. 'ಒಂದು ಸಲವಾದರೂ' ಬಂದರೆ ತಿರುಗಿಸಿ ಎಣಿಸಿ

ಒಂದು ದಾಳವನ್ನು 4 ಸಲ ಎಸೆದರೆ ಒಮ್ಮೆಯಾದರೂ 6 ಬೀಳುತ್ತದೆಯೇ? ನೇರವಾಗಿ ಎಣಿಸಲು ಹೋದರೆ ತಲೆ ಕೆಡುತ್ತದೆ. ಒಮ್ಮೆಯೂ ಬೀಳದಿರುವುದನ್ನು ಹಿಡಿಯಿರಿ. 5/6 ಅನ್ನು ನಾಲ್ಕು ಸಲ ಗುಣಿಸಿದರೆ 625/1296. ಅದನ್ನು 1ರಿಂದ ಕಳೆದರೆ 671/1296, ಅಂದರೆ ಸುಮಾರು ಶೇ 51.8.

3. ನಾಣ್ಯ ಚಿಮ್ಮಿ, ಬರೆಯುತ್ತಾ ಹೋಗಿ

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಸುಮ್ನೆ ಓದಿದರೆ ಇದು ಮನಸ್ಸಿಗೆ ಇಳಿಯುವುದಿಲ್ಲ. ನೂರು ಸಲ ಚಿಮ್ಮಿ. ಹೆಡ್ ಬಿದ್ದರೆ ಒಂದು ಗೆರೆ, ಟೇಲ್ ಬಿದ್ದರೆ ಒಂದು ಚುಕ್ಕಿ ಹಾಕುತ್ತಾ ಹೋಗಿ. ನಡುವೆ ಐದಾರು ಗೆರೆ ಒಟ್ಟಿಗೆ ಬಂದಾವು. 'ಇನ್ನು ಟೇಲ್ ಬೀಳಲೇಬೇಕು' ಅಂತ ಆಗ ಅನ್ನಿಸುತ್ತದೆ, ಅಲ್ವಾ? ಆ ಗಳಿಗೆಯಲ್ಲಿ ನಿಲ್ಲಿ. ಮುಂದಿನ ಸಲವೂ ಅರ್ಧಕ್ಕರ್ಧವೇ.

ಹಾಗಾದರೆ ಕೊನೆಗೆ ಅರ್ಧದ ಹತ್ತಿರ ಬರುವುದು ಹೇಗೆ? ಎರಡನೇ ಮಹಾಯುದ್ಧದ ಹೊತ್ತಿಗೆ ಡೆನ್ಮಾರ್ಕ್‌ನಲ್ಲಿ ಬಂಧನದಲ್ಲಿದ್ದ ಗಣಿತಜ್ಞ ಜಾನ್ ಕೆರಿಚ್ 10,000 ಸಲ ನಾಣ್ಯ ಚಿಮ್ಮಿ ಬರೆದಿಟ್ಟರು. ಮೊದಲ ನೂರರಲ್ಲಿ 44 ಹೆಡ್. ಅರ್ಧಕ್ಕೆ 6 ಕಡಿಮೆ. ಕೊನೆಗೆ ಸಿಕ್ಕಿದ್ದು 5,067. ಅರ್ಧಕ್ಕಿಂತ 67 ಜಾಸ್ತಿ! ಎಣಿಕೆಯಲ್ಲಿ ಅಂತರ ಬೆಳೆದಿದೆ. ಆದರೆ ಪಾಲು ಶೇ 44ರಿಂದ ಶೇ 50.67ಕ್ಕೆ ಬಂದಿದೆ. ಹಿಂದಿನ ಕೊರತೆಯನ್ನು ನಾಣ್ಯ ತುಂಬಿಕೊಡಲಿಲ್ಲ. ಸಾವಿರಾರು ಹೊಸ ಎಸೆತಗಳ ನಡುವೆ ಆ 6 ಲೆಕ್ಕಕ್ಕೇ ಬಾರದಷ್ಟು ಸಣ್ಣದಾಯಿತು, ಅಷ್ಟೇ.

4. ಸರಾಸರಿಯ ಪಕ್ಕದಲ್ಲಿ ಮಧ್ಯಾಂಕ ಇಡಿ

ಒಂದು ವಾರ ಬಸ್ಸಿಗೆ ಕಾದ ನಿಮಿಷಗಳು 4, 5, 5, 6, 7, 8, 35 ಅಂತಿಟ್ಟುಕೊಳ್ಳಿ. ಕೂಡಿದರೆ 70, ಏಳರಿಂದ ಭಾಗಿಸಿದರೆ ಸರಾಸರಿ 10. ಆದರೆ ಏಳರಲ್ಲಿ ಆರು ದಿನ ನೀವು ಅಷ್ಟು ಕಾದೇ ಇಲ್ಲ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ನೋಡಿ: 6. ಅದು ಮಧ್ಯಾಂಕ. ಆ 35ನ್ನು ತೆಗೆದು ನೋಡಿದರೆ ಸರಾಸರಿ 5.8ಕ್ಕೆ ಕುಸಿಯುತ್ತದೆ. ಮಧ್ಯಾಂಕ ಇಳಿಯುವುದು 5.5ಕ್ಕೆ ಮಾತ್ರ.

5. ಹರಡಿಕೆ ಅಳೆಯಿರಿ

9, 10, 11ರ ಸರಾಸರಿ 10. 1, 10, 19ರದ್ದೂ 10. ಎರಡೂ ಒಂದೇ ಅನ್ನಲಾದೀತೇ? ಪ್ರತಿ ಸಂಖ್ಯೆ ಸರಾಸರಿಯಿಂದ ಎಷ್ಟು ದೂರ ಎಂದು ಬರೆಯಿರಿ, ಆ ದೂರಗಳನ್ನು ವರ್ಗ ಮಾಡಿ, ವರ್ಗಗಳ ಸರಾಸರಿ ತೆಗೆದು, ಅದರ ವರ್ಗಮೂಲ ಹಿಡಿಯಿರಿ. ಇದೇ ಮಾನಕ ವಿಚಲನೆ. ಮೊದಲನೆಯ ಗುಂಪಿಗೆ ಸುಮಾರು 0.8, ಎರಡನೆಯದಕ್ಕೆ ಸುಮಾರು 7.3 ಬರುತ್ತದೆ. ಈಗ ಬಸ್ಸಿನ ಆ ಏಳು ದಿನಗಳಿಗೂ ಇದನ್ನೇ ಮಾಡಿ. ಒಮ್ಮೆ 35 ಸೇರಿಸಿ, ಒಮ್ಮೆ ಬಿಟ್ಟು.