ದೂರದ ಪಂಪಿಗೆ ಒಂದೇ ಕೇಬಲ್: ರಿಮೋಟ್ ಐಒ ಜೋಡಿಸುವುದು ಹೇಗೆ?

ಸಕ್ಕರೆ ಕಾರ್ಖಾನೆಯಲ್ಲಿ ಕಂಟ್ರೋಲ್ ರೂಮ್ ಒಂದು ಕಡೆ, ಬಿಸಿ ನೀರು ತಣಿಸುವ ಕೊಳದ ಪಂಪ್‌ಗಳು ಇನ್ನೆಲ್ಲೋ. ಒಂದೊಂದು ಸೆನ್ಸರ್‌ನಿಂದಲೂ ಪಿಎಲ್‌ಸಿವರೆಗೆ (ಯಂತ್ರಗಳನ್ನು ನಡೆಸುವ ಕಂಪ್ಯೂಟರ್) ವೈರ್ ಎಳೆದರೆ ಖರ್ಚೂ ಜಾಸ್ತಿ, ಗೋಜಲೂ ಜಾಸ್ತಿ. ಪಂಪ್ ಪಕ್ಕದಲ್ಲೇ ರಿಮೋಟ್ ಐಒ ಮಾಡ್ಯೂಲ್ (ಸೆನ್ಸರ್ ಸಿಗ್ನಲ್ ಪಿಎಲ್‌ಸಿಗೆ ಕಳಿಸಿ, ಅದರ ಆದೇಶವನ್ನು ಪಂಪಿಗೆ ಮುಟ್ಟಿಸುವ ಪೆಟ್ಟಿಗೆ) ಕೂರಿಸಿದರೆ ಅಲ್ಲಿನ ಸಿಗ್ನಲ್‌ಗಳೆಲ್ಲ ಒಂದೇ ಕೇಬಲ್‌ನಲ್ಲಿ ಬರುತ್ತವೆ. ಆರ್‌ಎಸ್-485 ಎಂಬ ಜೋಡಿ ತಂತಿಯ ಲೈನ್‌ನಲ್ಲಿ ಮಾಡ್‌ಬಸ್ ಎಂಬ ಸಂದೇಶ ಪದ್ಧತಿ ಬಳಸುವ ಮಾಡ್ಯೂಲನ್ನೇ ನೋಡೋಣ. ಮಾಡ್‌ಬಸ್ 1979ರದ್ದು, ಆದರೂ ಇಂದಿಗೂ ಎಲ್ಲೆಡೆ ನಡೆಯುತ್ತದೆ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಒಂದು ವಿಷಯ ತೀರ್ಮಾನಿಸಿ. ಕೇಬಲ್ ತುಂಡಾದರೆ ಪಂಪ್ ನಿಲ್ಲಬೇಕಾ, ಓಡುತ್ತಿರಬೇಕಾ? ಬಹಳಷ್ಟು ಮಾಡ್ಯೂಲ್‌ಗಳಲ್ಲಿ ಇದಕ್ಕೆಂದೇ ವಾಚ್‌ಡಾಗ್ ಸೆಟ್ಟಿಂಗ್ ಇರುತ್ತದೆ: ಇಟ್ಟಷ್ಟು ಸಮಯ ಸಂಪರ್ಕ ಇಲ್ಲದಿದ್ದರೆ ಅದು ಪಂಪನ್ನು ನೀವು ಆರಿಸಿದ ಸ್ಥಿತಿಗೆ ತರುತ್ತದೆ. ಅದನ್ನು ಆನ್ ಮಾಡದಿದ್ದರೆ ಕೆಲವು ಮಾಡ್ಯೂಲ್‌ಗಳು ಕೊನೆಗೆ ಬಂದ ಆದೇಶವನ್ನೇ ಹಿಡಿದು ಕೂರುತ್ತವೆ, ಟ್ಯಾಂಕ್ ತುಂಬಿ ಹರಿದರೂ ಪಂಪ್ ನಿಲ್ಲುವುದಿಲ್ಲ. ಇನ್ನು ಎಮರ್ಜೆನ್ಸಿ ಸ್ಟಾಪನ್ನು ಈ ಲೈನ್ ಮೇಲೆ ಬಿಡಲೇಬಾರದು. ಅದಕ್ಕೆ ನೇರ ವೈರ್ ಬೇಕು.

ಈಗ ವೈರಿಂಗ್. ತೊಂದರೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲೇ, ಬೈಗುಳ ಮಾತ್ರ ಮಾಡ್ಯೂಲಿಗೆ! ಜೋಡಿ ಹೆಣೆದ ಶೀಲ್ಡ್ ಕೇಬಲ್ಲೇ ಇರಲಿ. ಲೈನ್ ಒಂದು ಮಾಡ್ಯೂಲ್‌ನಿಂದ ಮುಂದಿನದಕ್ಕೆ ಸಾಲಾಗಿ ಹೋಗಬೇಕು, ಮರದ ಕೊಂಬೆ ಹಾಗೆ ಕವಲೊಡೆಯಬಾರದು. ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೂ ಎಳೆಯಬಹುದು. ಡ್ರೈವ್‌ನಿಂದ (ಮೋಟರ್ ವೇಗ ನಿಯಂತ್ರಿಸುವ ಸಾಧನ) ಮೋಟರ್‌ಗೆ ಹೋಗುವ ಪವರ್ ಕೇಬಲ್ ಜೊತೆ ಒಂದೇ ಟ್ರೇನಲ್ಲಿ ಹಾಕಬೇಡಿ. ಶೀಲ್ಡನ್ನು ಸಾಮಾನ್ಯವಾಗಿ ಒಂದೇ ತುದಿಯಲ್ಲಿ ಅರ್ಥ್ ಮಾಡಿ.

ಲೈನ್‌ನ ಎರಡು ತುದಿಗಳಲ್ಲೂ 120 ಓಮ್ ರೆಸಿಸ್ಟರ್ ಬೇಕು. ಪವರ್ ಆಫ್ ಮಾಡಿ ಎರಡು ತಂತಿಗಳ ನಡುವೆ ಮೀಟರ್ ಹಿಡಿಯಿರಿ. ಸುಮಾರು 60 ಓಮ್ ಬಂದರೆ ಸರಿ. 120 ತೋರಿಸಿದರೆ ಒಂದು ತುದಿಯದು ಇಲ್ಲ ಎಂದರ್ಥ. 40ರ ಹತ್ತಿರ ಬಂತಾ? ಮಧ್ಯೆ ಎಲ್ಲೋ ಯಾರೋ ಇನ್ನೊಂದು ಹಾಕಿದ್ದಾರೆ.

ಅಡ್ರೆಸ್ 1ರಿಂದ 247ರೊಳಗೆ ಇರಲಿ, ಎರಡು ಮಾಡ್ಯೂಲಿಗೆ ಒಂದೇ ಅಡ್ರೆಸ್ ಬೇಡ. ಬಾಡ್ ರೇಟ್ (ಡೇಟಾ ಕಳಿಸುವ ವೇಗ), ಪ್ಯಾರಿಟಿ (ತಪ್ಪು ಪತ್ತೆಗೆ ಇರುವ ಸೆಟ್ಟಿಂಗ್) ಎಲ್ಲ ಮಾಡ್ಯೂಲ್‌ಗಳಲ್ಲೂ ಪಿಎಲ್‌ಸಿಯಲ್ಲೂ ಒಂದೇ ಇರಬೇಕು. ಇಷ್ಟಾದರೂ ಮಾಡ್ಯೂಲ್ ಉತ್ತರ ಕೊಡದಿದ್ದರೆ ಎ ಮತ್ತು ಬಿ ಎಂದು ಗುರುತಿಸಿದ ಲೈನ್‌ನ ಎರಡು ತಂತಿಗಳನ್ನು ಅದಲು ಬದಲು ಮಾಡಿ ನೋಡಿ. ಎ ಯಾವುದು, ಬಿ ಯಾವುದು ಅನ್ನುವುದರಲ್ಲಿ ಎಲ್ಲ ಕಂಪನಿಗಳೂ ಒಂದೇ ಪದ್ಧತಿ ಇಟ್ಟುಕೊಂಡಿಲ್ಲ.

ಚಾಲೂ ಮಾಡುವಾಗ ಒಂದೊಂದೇ ಪಾಯಿಂಟ್ ಪರೀಕ್ಷಿಸಿ. 4-20 ಮಿಲಿಆಂಪ್ ಲೆವೆಲ್ ಸೆನ್ಸರ್ ಆದರೆ ಟ್ಯಾಂಕ್ ಖಾಲಿಯಿದ್ದಾಗಲೂ 4 ಬರಬೇಕು. ಸೊನ್ನೆ ಬಂದರೆ ವೈರ್ ಕಿತ್ತಿದೆ ಅಥವಾ ಸೆನ್ಸರಿಗೆ ಪವರ್ ಇಲ್ಲ. ಆಮೇಲೆ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಬೇಕೆಂದೇ ಕೇಬಲ್ ಕಿತ್ತು, ಪಂಪ್ ನೀವು ಅಂದುಕೊಂಡ ಹಾಗೆ ನಡೆದುಕೊಳ್ಳುತ್ತದಾ ಎಂದು ನೋಡಿ.

ನಿರ್ವಹಣೆಗೆ ಕಬ್ಬು ಅರೆಯುವ ಹಂಗಾಮು ಮುಗಿದ ಮೇಲಿನ ಬಿಡುವೇ ಒಳ್ಳೆಯದು. ಪವರ್ ತೆಗೆದು ಟರ್ಮಿನಲ್ ಸ್ಕ್ರೂ ಬಿಗಿ ಮಾಡಿ. ಸಿಪ್ಪೆಯ ದೂಳು ಒಳಗೆ ಬಂದಿದ್ದರೆ ಗ್ಲ್ಯಾಂಡ್ (ಕೇಬಲ್ ಒಳಬರುವ ತೂತನ್ನು ಮುಚ್ಚುವ ಬಿಗಿ), ಪ್ಯಾನೆಲ್ ಬಾಗಿಲ ರಬ್ಬರ್ ನೋಡಿ. ಇಲಿ ಕಚ್ಚಿದ ಗುರುತನ್ನೂ ಹುಡುಕಿ. ಪವರ್ ಮತ್ತೆ ಕೊಟ್ಟು, ಲೋಡ್ ಇರುವಾಗ ಮಾಡ್ಯೂಲ್ ಹತ್ತಿರವೇ 24 ವೋಲ್ಟ್ ಅಳೆಯಿರಿ. 24 ವೋಲ್ಟ್ ಕೊಡುವ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಬಳಿ ಸರಿಯಿದ್ದ ವೋಲ್ಟೇಜ್ ತೆಳು ತಂತಿಯಲ್ಲಿ ಇಳಿದಿರುತ್ತದೆ.

ಸ್ಪೇರ್ ಮಾಡ್ಯೂಲ್ ಸುಮ್ನೆ ಸ್ಟೋರ್‌ನಲ್ಲಿದ್ದರೆ ಸಾಲದು. ಅಡ್ರೆಸ್, ಬಾಡ್ ರೇಟ್, ಪ್ಯಾರಿಟಿ, ವಾಚ್‌ಡಾಗ್ ಸಮಯ ಬರೆದ ಚೀಟಿಯನ್ನು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿ. ರಾತ್ರಿ ಪಾಳಿಯವರು ನಿಮಗೆ ಫೋನ್ ಮಾಡದೆಯೇ ಬದಲಾಯಿಸಿಕೊಳ್ಳುತ್ತಾರೆ.