ಹೊಸಬರಿಗೆ ಮಾರ್ಗದರ್ಶಿ: ಕೆಮ್ಮಣ್ಣುಗುಂಡಿಯ ಹೂದೋಟಕ್ಕೆ ಹೊರಡುವ ಮುಂಚೆ

ವರ್ಗವಾಗಿ ಚಿಕ್ಕಮಗಳೂರಿಗೆ ಬಂದ ಮನೆಯವರು ನಮ್ಮ ಸಂಘದಲ್ಲಿ ಮೊದಲು ವಿಚಾರಿಸುವುದು ಬಾಡಿಗೆ ಮನೆ, ಆಮೇಲೆ ಮಕ್ಕಳ ಸ್ಕೂಲು. ಮೂರನೆಯದು ಕೆಮ್ಮಣ್ಣುಗುಂಡಿ. ಖಂಡಿತ ಹೋಗಿ. ಆದರೆ ಬಯಲುಸೀಮೆಯ ಲೆಕ್ಕ ಇಟ್ಟುಕೊಂಡು ಹೋಗಬೇಡಿ.

ನಾನು ಬಳ್ಳಾರಿಯಿಂದ ಬಂದ ಮೊದಲ ವರ್ಷ ಹಾಗೇ ಹೋಗಿದ್ದೆ. ಜುಲೈ ತಿಂಗಳು. ಮಧ್ಯಾಹ್ನ ಊಟ ಮುಗಿಸಿ ಆರಾಮಾಗಿ ಹೊರಟೆವು. ಮೇಲೆ ಹತ್ತುವಷ್ಟರಲ್ಲಿ ಮಂಜು ಕವಿದಿತ್ತು. ಹತ್ತು ಹೆಜ್ಜೆ ಆಚೆಗಿನ ಗುಲಾಬಿ ಗಿಡ ಕಾಣಲಿಲ್ಲ. ತೆಳು ಹತ್ತಿ ಫ್ರಾಕಿನಲ್ಲಿ ಮಗಳು ಗಡಗಡ ನಡುಗುತ್ತಿದ್ದಳು. ಒಂದು ಹೂವನ್ನೂ ನೋಡದೆ ವಾಪಸ್ ಬಂದೆವು. ನಮ್ಮ ಬಳ್ಳಾರಿ ಸುಮಾರು 500 ಮೀಟರ್ ಎತ್ತರದ ಊರು, ಈ ತೋಟ ಇರುವುದು 1,434 ಮೀಟರ್ ಎತ್ತರದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆ ಕಳೆಯಲು ಆರಿಸಿಕೊಂಡ ಜಾಗ ಅಂದ ಮೇಲೆ ಚಳಿ ಇರಲೇಬೇಕಲ್ವಾ? ಅದು ನನಗೆ ಆಗ ಹೊಳೆಯಲಿಲ್ಲ.

ಯಾವಾಗ ಹೋಗಬೇಕು

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು. ಬೆಳಗ್ಗೆ ಏಳಕ್ಕೆಲ್ಲ ಮನೆ ಬಿಡಿ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ (ಕಾಫಿ ಗಿಡ ಹೂಬಿಡುವಂತೆ ಮಾಡುವ ಬೇಸಿಗೆ ಮಳೆ) ಬಿದ್ದಿದ್ದರೆ ದಾರಿಯ ಕಾಫಿ ತೋಟಗಳೂ ಹೂಬಿಟ್ಟಿರುತ್ತವೆ. ರೆಂಬೆ ತುಂಬ ಬೆಳ್ಳಗೆ, ಮಲ್ಲಿಗೆಯ ಹಾಗೆ ವಾಸನೆ. ಎರಡು ಮೂರು ದಿನ ಅಷ್ಟೇ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಾರಿನ ಗಾಜು ಇಳಿಸಿಕೊಂಡು ಹೋಗಿ.

ದಾರಿ

50 ಕಿಲೋಮೀಟರ್‌ಗೂ ಜಾಸ್ತಿ. ಸಂತವೇರಿ, ಲಿಂಗದಹಳ್ಳಿ, ಕಲ್ಲತ್ತಿಗಿರಿ ಮೇಲೆ ಹೋಗಿ. ಬಾಬಾಬುಡನ್‌ಗಿರಿ ಕಡೆಯ ಅಡ್ಡದಾರಿ ಹೊಸಬರಿಗೆ ಬೇಡ. ಪೆಟ್ರೋಲ್ ಕೆಳಗೇ ಹಾಕಿಸಿ. ಮೇಲೆ ಫೋನ್ ಸಿಗುತ್ತದೆ ಅಂತ ನಂಬಬೇಡಿ. ಬಸ್ಸಿಗೆ ಹೋಗುವವರು ವಾಪಸ್ ಬಸ್ಸಿನ ಸಮಯವನ್ನು ಕಂಡಕ್ಟರ್ ಹತ್ತಿರ ಕೇಳಿಯೇ ಇಳಿಯಿರಿ.

ಏನು ಒಯ್ಯಬೇಕು

ಸ್ವೆಟರ್, ಕೊಡೆ, ಒಂದು ಜೊತೆ ಒಣಬಟ್ಟೆ, ಬುತ್ತಿ, ನೀರು, ತಿರುವುಗಳಲ್ಲಿ ವಾಂತಿ ಮಾಡುವ ಮಕ್ಕಳಿಗೆ ನಿಂಬೆಹಣ್ಣು, ಕಸ ವಾಪಸ್ ತರಲು ಚೀಲ. ಬಿಳಿ ಬಟ್ಟೆ ಬೇಡ. ಹೆಸರೇ ಹೇಳುವಂತೆ ಅಲ್ಲಿನದು ಕೆಂಪು ಮಣ್ಣು, ಕಬ್ಬಿಣದ ಅದಿರಿನ ನೆಲ. ಭದ್ರಾವತಿಯ ಕಾರ್ಖಾನೆಗೆ ಅದಿರು ಇಲ್ಲಿಂದ ಹೋಗುತ್ತಿತ್ತು. ಆ ಕಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಇಂಬಳ

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮಳೆಗಾಲದಲ್ಲಿ ಹುಲ್ಲು, ತರಗೆಲೆ ಇರುವ ಕಡೆಯೆಲ್ಲ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಇರುತ್ತದೆ. ನೂಲಿನೆಳೆಯಷ್ಟು ಸಣ್ಣದು, ಹತ್ತಿದ್ದು ಗೊತ್ತೇ ಆಗುವುದಿಲ್ಲ. ಅವತ್ತು ರಾತ್ರಿ ಮನೆಗೆ ಬಂದು ಮಗನ ಸಾಕ್ಸ್ ಬಿಚ್ಚಿದರೆ ಒಳಗೆಲ್ಲ ರಕ್ತ. ಹಿಮ್ಮಡಿಯ ಹತ್ತಿರ ಕಪ್ಪು ದ್ರಾಕ್ಷಿಯ ಹಾಗೆ ಉಬ್ಬಿಕೊಂಡು ಅಂಟಿತ್ತು. ಹೆದರಿ ಕಿತ್ತು ಎಸೆದೆ. ರಕ್ತ ನಿಲ್ಲಲೇ ಇಲ್ಲ. ಮಗುವನ್ನು ಎತ್ತಿಕೊಂಡು ಅಳುತ್ತಾ ಬಾಗಿಲಿಗೆ ಬಂದೆ. ಪಕ್ಕದ ಮನೆಯ ಅಜ್ಜಿ ನೋಡಿ, "ಏನೂ ಆಗಲ್ಲ ಕಣಮ್ಮ, ಒತ್ತಿ ಹಿಡಿ" ಅಂದರು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇರುತ್ತದೆ, ಅದಕ್ಕೇ ಅಷ್ಟು ಹೊತ್ತು ಸೋರುವುದು. ಹತ್ತಿದ್ದು ಕಂಡರೆ ಎಳೆಯಬೇಡಿ. ಸ್ವಲ್ಪ ಉಪ್ಪು ಹಾಕಿ, ತಾನೇ ಬಿಡುತ್ತದೆ. ಸೋಪು ಹಾಕಿ ತೊಳೆದು, ಬಟ್ಟೆಯಿಂದ ಒತ್ತಿ ಹಿಡಿಯಿರಿ. ಹೊಗೆಸೊಪ್ಪಿನ ನೀರನ್ನು ಶೂಗೆ ಸವರಿಕೊಳ್ಳುವುದು ಇಲ್ಲಿಯವರ ರೂಢಿ. ಮನೆಗೆ ಬಂದ ಮೇಲೆ ಬೆರಳ ಸಂದಿಯನ್ನೂ ನೋಡಿ.

ಹೂವು ಕೀಳಬೇಡಿ

ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ತಲೆಗೆ ಒಂದು, ದೇವರ ಪಟಕ್ಕೆ ಎರಡು ಅಂತ ಕಿತ್ತುಕೊಳ್ಳುವುದು ನಮ್ಮ ಕೈಗೆ ಅಂಟಿಬಂದಿದೆ. ಹಿತ್ತಲಲ್ಲಿ ಅದು ಸರಿ. ಇದು 1942ರಿಂದ ತೋಟಗಾರಿಕೆ ಇಲಾಖೆ ನೋಡಿಕೊಂಡು ಬಂದಿರುವ ತೋಟ. ಅಲ್ಲಿ ಸುಮ್ನೆ ಒಂದು ಕಡ್ಡಿ ಮುರಿದು ಬ್ಯಾಗಿಗೆ ಹಾಕಿಕೊಳ್ಳುವುದೂ ಕಳ್ಳತನವೇ. 2022ರಲ್ಲಿ ಇದೇ ಗಿರಿಸಾಲಿನಲ್ಲಿ, ಹಲವು ವರ್ಷಕ್ಕೊಮ್ಮೆ ಮಾತ್ರ ಹೂಬಿಡುವ ಕುರಿಂಜಿ ಅರಳಿದಾಗ ಜನ ಫೋಟೋಗೆ ಅಂತ ಗಿಡದೊಳಗೇ ನುಗ್ಗಿ ನಿಂತಿದ್ದರು. ಕುರಿಂಜಿ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ. ಬೀಜ ಕಟ್ಟುವ ಮೊದಲೇ ತುಳಿದರೆ ಮುಂದಿನ ಸಲಕ್ಕೆ ಏನು ಉಳಿಯುತ್ತದೆ?

ಗಿಡ ಬೇಕೇ ಬೇಕು ಅನ್ನಿಸಿದರೆ ಅಕ್ಕಪಕ್ಕದ ಮನೆಯಲ್ಲಿ ಕೇಳಿ. ಡೇಲಿಯಾಕ್ಕೆ ಇಲ್ಲಿ ಡೇರೆ ಅನ್ನುತ್ತಾರೆ. ಮುಂಗಾರಿಗೆ ಮುಂಚೆ ಕೇಳಿದರೆ ಗಡ್ಡೆ ಕೊಡುತ್ತಾರೆ. ಜೊತೆಗೆ ಕಾಫಿ ಕುಡಿಸಿಯೇ ಕಳಿಸುತ್ತಾರೆ. ನಮ್ಮ ಮಲೆನಾಡು ಹಾಗೆ.

ಸಮಯ ಉಳಿದರೆ

ಝಡ್ ಪಾಯಿಂಟ್: ಗುಡ್ಡದ ಮೇಲಿಂದ ಸುತ್ತಲೂ ನೋಡುವ ಜಾಗ. ನಡೆದೇ ಹೋಗಬೇಕು, ದಾರಿ ಕಿರಿದು. ಮಂಜಿದ್ದರೆ ಬೇಡ.
ಹೆಬ್ಬೆ ಜಲಪಾತ: ಜೀಪಿನಲ್ಲಿ. ಅರ್ಧ ದಿನ ಬೇಕು.
ಕಲ್ಲತ್ತಿಗಿರಿ: ವಾಪಸ್ ಬರುವಾಗ. ವೀರಭದ್ರ ದೇವಸ್ಥಾನದ ಮುಂದೆಯೇ ನೀರು ಬೀಳುತ್ತದೆ. ಬಂಡೆ ಜಾರುತ್ತದೆ.

ಸ್ವೆಟರ್ ಇನ್ನೂ ಕೊಂಡಿಲ್ಲದಿದ್ದರೆ ಹಿಂದಿನ ದಿನ ಸಂಜೆ ಸಂಘಕ್ಕೆ ಬನ್ನಿ. ಮಕ್ಕಳ ಅಳತೆಯವು ನಾಲ್ಕೈದು ಇಟ್ಟಿದ್ದೇವೆ. ಒಗೆದು, ಚೆನ್ನಾಗಿ ಒಣಗಿಸಿ ವಾಪಸ್ ಕೊಡಿ.