ಹಳೇ ಥಿಂಕ್‌ಪ್ಯಾಡ್‌ಗೆ ಹೊಸ ರ‍್ಯಾಮ್, ಹೊಸ ಎಸ್‌ಎಸ್‌ಡಿ: ಒಳಗಿನ ಬ್ಯಾಟರಿ ಮರೆಯಬೇಡಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಬೇಕಾದಷ್ಟು ಸಿಗುತ್ತವೆ. ಓದುವ ಮಕ್ಕಳಿಗೋ ಅಂಗಡಿಯ ಲೆಕ್ಕಕ್ಕೋ ಒಂದು ಬೇಕು ಅಂದವರಿಗೆ ನಾನು ಹೇಳುವುದು ಒಂದೇ ಹೆಸರು: ಲೆನೊವೊ ಥಿಂಕ್‌ಪ್ಯಾಡ್ ಟಿ480. 2018ರ ಮಾದರಿ. ಎರಡು ರ‍್ಯಾಮ್ ಸ್ಲಾಟ್ ಇವೆ, ಎಸ್‌ಎಸ್‌ಡಿ ಬದಲಾಯಿಸಬಹುದು, ಹಿಂದಿನ ಬ್ಯಾಟರಿ ಕೈಯಲ್ಲೇ ಕಳಚಬಹುದು. ಮುಂದೆ ಬಂದ ಟಿ490ರಲ್ಲಿ ಒಂದು ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಹೊರಗಿನ ಬ್ಯಾಟರಿಯೂ ಇಲ್ಲ. ಟಿ480ಎಸ್ ಅನ್ನುವುದೂ ಬೇರೆ ಯಂತ್ರ. ಹೆಸರು ಸರಿಯಾಗಿ ನೋಡಿ.

ಕೊಳ್ಳುವಾಗ ಎರಡು ಪರೀಕ್ಷೆ ಸಾಕು. ಪ್ರೊಸೆಸರ್ ನಂಬರ್ 8ರಿಂದ ಶುರುವಾಗಬೇಕು, ಐ5-8250ಯು ಅಥವಾ 8350ಯು ಇದ್ದ ಹಾಗೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನಲ್ಲಿ ವಿಂಡೋಸ್ 11 ಸರಿಯಾಗಿ ಒಪ್ಪುವುದು ಎಂಟನೇ ತಲೆಮಾರಿನಿಂದ ಈಚೆಗೆ. ಎರಡನೆಯದು, ಅಂಗಡಿಯಲ್ಲೇ ಆನ್ ಮಾಡಿ ಎಫ್1 ಒತ್ತಿ. ಬಯೋಸ್ (ವಿಂಡೋಸ್‌ಗೂ ಮುಂಚೆ ಬರುವ ಸೆಟ್ಟಿಂಗ್ ಪರದೆ) ತೆರೆಯುವ ಮೊದಲು ಪಾಸ್‌ವರ್ಡ್ ಕೇಳಿದರೆ ಆ ಲ್ಯಾಪ್‌ಟಾಪ್ ಬೇಡ. ‘ಒಳಗಿನ ಸಣ್ಣ ಸೆಲ್ ತೆಗೆದರೆ ಪಾಸ್‌ವರ್ಡ್ ಹೋಗುತ್ತೆ ಸಾರ್’ ಅಂತ ಹೇಳುತ್ತಾರೆ. ಥಿಂಕ್‌ಪ್ಯಾಡ್‌ನಲ್ಲಿ ಹೋಗುವುದಿಲ್ಲ.

ಏನೇನು ತರಬೇಕು

ರ‍್ಯಾಮ್ ಡಿಡಿಆರ್4, ಲ್ಯಾಪ್‌ಟಾಪ್ ಸೈಜಿನದು. ಒಂದು 16 ಜಿಬಿಗಿಂತ ಎರಡು 8 ಜಿಬಿ ಹಾಕಿ. ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಬಳಸುವುದರಿಂದ ಜೋಡಿ ಇದ್ದರೆ ಅದಕ್ಕೂ ವೇಗ ಸಿಗುತ್ತದೆ. ಎಸ್‌ಎಸ್‌ಡಿ ಜಾಗದಲ್ಲಿ 2.5 ಇಂಚಿನ ಸಾಟಾ (ಹಳೇ ಬಗೆಯ ಜೋಡಣೆಯ) ಡ್ರೈವ್ ಕೂರುತ್ತದೆ. ಅದಕ್ಕಿಂತ ವೇಗದ, ಚಿಕ್ಕ ಪಟ್ಟಿಯಂಥ ಎನ್‌ವಿಎಂಇ ಡ್ರೈವ್ ಬೇಕಾದರೆ ಈ ಮಾದರಿಗೇ ಮಾಡಿದ ಅಡಾಪ್ಟರ್ ಫ್ರೇಮ್ ಬೇಕು. ಆ ಜಾಗಕ್ಕೆ ಪಿಸಿಐಇ ಲೇನ್ (ಡೇಟಾ ಹೋಗುವ ದಾರಿ) ಎರಡೇ. ಹಾಗಾಗಿ ದುಬಾರಿ ಜೆನ್4 (ಹೆಚ್ಚು ವೇಗದ ಹೊಸ ತಲೆಮಾರಿನ) ಡ್ರೈವ್ ಹಾಕಿ ಸುಮ್ನೆ ದುಡ್ಡು ಕಳೆಯಬೇಡಿ, ಸಾಧಾರಣ 512 ಜಿಬಿ ಸಾಕು. ಹೆಸರೇ ಕೇಳದ ಬ್ರಾಂಡ್‌ನ 2 ಟಿಬಿ ಡ್ರೈವ್ ಅಗ್ಗಕ್ಕೆ ಸಿಕ್ಕರೆ ಮುಟ್ಟಲೇಬೇಡಿ. ಒಳಗೆ ಅಷ್ಟು ಜಾಗವೇ ಇರದ ನಕಲಿ ಮಾಲು ಮಾರುಕಟ್ಟೆಯಲ್ಲಿ ಓಡಾಡುತ್ತಿದೆ.

ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿ. ವಿಂಡೋಸ್‌ನ ಡಿಸ್ಕ್ ಬೀಗ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ತೆರೆಯುವುದು: ಜನ ಎಡವುವುದು ಇಲ್ಲೇ

ಟಿ480ಗೆ ಬ್ಯಾಟರಿ ಎರಡು. ಹಿಂದಿನದು ಕೈಗೆ ಬರುತ್ತದೆ, ಇನ್ನೊಂದು ಒಳಗೇ ಇರುತ್ತದೆ. ಹಿಂದಿನ ಬ್ಯಾಟರಿ ಕಳಚಿ ‘ಪವರ್ ಹೋಯ್ತು’ ಅಂದುಕೊಂಡು ಸ್ಕ್ರೂಡ್ರೈವರ್ ಹಾಕುವವರನ್ನು ಎಷ್ಟೋ ಸಲ ನೋಡಿದ್ದೇನೆ. ಬೋರ್ಡಿಗೆ ಆಗಲೂ ಕರೆಂಟ್ ಹರಿಯುತ್ತಿರುತ್ತದೆ. ಸ್ಕ್ರೂಡ್ರೈವರ್ ತುದಿ ಜಾರಿ ತಗುಲಿದರೆ ಬೋರ್ಡೇ ಹೋಗಬಹುದು.

ಸರಿಯಾದ ಕ್ರಮ ಹೀಗೆ. ಚಾರ್ಜರ್ ಕಿತ್ತು ರೀಸ್ಟಾರ್ಟ್ ಮಾಡಿ, ಎಫ್1 ಒತ್ತಿ ಬಯೋಸ್‌ಗೆ ಹೋಗಿ. ಕಾನ್ಫಿಗ್, ಅದರೊಳಗೆ ಪವರ್, ಅಲ್ಲಿ ‘ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ’ ಅಂತ ಇರುತ್ತದೆ. ಯೆಸ್ ಅನ್ನಿ. ಯಂತ್ರ ತಾನಾಗಿ ಆಫ್ ಆಗುತ್ತದೆ. ಈಗ ಹಿಂದಿನ ಬ್ಯಾಟರಿ ಕಳಚಿ, ಕೆಲವು ನಿಮಿಷ ಬಿಸಿ ಆರಲು ಬಿಡಿ.

ಕೆಳಗಿನ ಕವರ್‌ನ ಸ್ಕ್ರೂಗಳು ಸಡಿಲವಾಗುತ್ತವೆ, ಆದರೆ ಹೊರಗೆ ಬರುವುದಿಲ್ಲ. ಹಾಗೇ ಮಾಡಿರುವುದು. ಬರಲಿಲ್ಲ ಅಂತ ತಿರುಗಿಸುತ್ತಲೇ ಇದ್ದು ಸ್ಕ್ರೂ ತಲೆ ಹಾಳು ಮಾಡುವವರು ಬಹಳ ಜನ. ತಿರುಪು ಬಿಟ್ಟದ್ದು ಕೈಗೆ ಗೊತ್ತಾದ ಕೂಡಲೇ ಮುಂದಿನದಕ್ಕೆ ಹೋಗಿ. ಆಮೇಲೆ ಕವರ್ ಅಂಚಿಗೆ ಹಳೇ ಎಟಿಎಂ ಕಾರ್ಡ್ ತೂರಿಸಿ ಸುತ್ತಲೂ ನಿಧಾನವಾಗಿ ಸರಿಸಿ. ಒಳಗಿನ ಕ್ಲಿಪ್‌ಗಳು ಒಂದೊಂದಾಗಿ ‘ಟಕ್’ ಅಂತ ಬಿಡುತ್ತವೆ. ಎಲ್ಲಾದರೂ ಗಟ್ಟಿ ಹಿಡಿದಿದ್ದರೆ ಅಲ್ಲೊಂದು ಸ್ಕ್ರೂ ಬಾಕಿ ಇದೆ ಅಂತಲೇ ಅರ್ಥ, ಬಲ ಹಾಕಬೇಡಿ. ಚಪ್ಪಟೆ ಸ್ಕ್ರೂಡ್ರೈವರ್ ಇಂದ ಮೀಟುವುದಂತೂ ಬೇಡವೇ ಬೇಡ.

ರ‍್ಯಾಮ್ ತೆಗೆಯಲು ಎರಡೂ ಬದಿಯ ಕೊಂಡಿಗಳನ್ನು ಹೊರಕ್ಕೆ ಸರಿಸಿದರೆ ಅದೇ ಮೇಲೇಳುತ್ತದೆ. ಹೊಸದನ್ನು ಅಂಚಿನಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಪಟ್ಟಿಗೆ ಬೆರಳು ತಾಗಿಸಬೇಡಿ. ಕಚ್ಚು ಹೊಂದಿಸಿ, ಓರೆಯಾಗಿ ಪೂರ್ತಿ ಒಳಕ್ಕೆ ತಳ್ಳಿ. ಆಮೇಲೆ ಮಾತ್ರ ಕೆಳಕ್ಕೆ ಒತ್ತಿ. ಪೂರ್ತಿ ತಳ್ಳದೆ ಒತ್ತಿದರೂ ಕೊಂಡಿ ಕೂರುವುದುಂಟು. ಆಗ ಕಂಪ್ಯೂಟರ್ ಒಂದೇ ರ‍್ಯಾಮ್ ತೋರಿಸುತ್ತದೆ, ಇಲ್ಲವೇ ಬೀಪ್ ಹೊಡೆಯುತ್ತದೆ. ರ‍್ಯಾಮ್ ಕೆಟ್ಟಿದೆ ಅಂತ ಅಂಗಡಿಗೆ ಓಡುವ ಮೊದಲು ಇನ್ನೊಮ್ಮೆ ತೆಗೆದು ಕೂರಿಸಿ ನೋಡಿ.

ಎಸ್‌ಎಸ್‌ಡಿ ಸುಲಭ. ಹಳೆಯದನ್ನು ಬಿಡಿಸಿ ಹೊಸದನ್ನು ಅದೇ ಜಾಗಕ್ಕೆ ಕೂರಿಸಿ, ಕವರ್ ಮುಚ್ಚಿ.

ಮತ್ತೆ ಆನ್ ಮಾಡುವಾಗ

ಪವರ್ ಬಟನ್ ಒತ್ತಿದರೆ ಏನೂ ಆಗದೆ ಇರಬಹುದು. ಗಾಬರಿ ಬೇಡ. ಬಯೋಸ್‌ನಲ್ಲಿ ಆಫ್ ಮಾಡಿದ ಬ್ಯಾಟರಿ ಚಾರ್ಜರ್ ಹಾಕಿದ ಮೇಲೆಯೇ ಎಚ್ಚರವಾಗುವುದು. ಚಾರ್ಜರ್ ಹಾಕಿ ಆನ್ ಮಾಡಿ. ಹೊಸ ರ‍್ಯಾಮ್ ಗುರುತು ಹಿಡಿಯುವಾಗ ಪರದೆ ಸ್ವಲ್ಪ ಹೊತ್ತು ಕಪ್ಪಗೇ ಇರುತ್ತದೆ. ಮಧ್ಯೆ ಬಟನ್ ಒತ್ತಿ ಆಫ್ ಮಾಡಬೇಡಿ, ಕಾಯಿರಿ.

ವಿಂಡೋಸ್ ಹೊಸದಾಗಿಯೇ ಹಾಕಿ. ಹಳೇ ಕಂಪನಿಯ ಕಸವನ್ನೆಲ್ಲ ಕ್ಲೋನ್ (ಇದ್ದ ಹಾಗೇ ನಕಲು) ಮಾಡಿ ತರುವುದರಲ್ಲಿ ಲಾಭವಿಲ್ಲ. ‘ಸ್ಪೀಡ್ ಬೂಸ್ಟರ್’ ಅಂತ ಬರುವ ಸಾಫ್ಟ್‌ವೇರ್ ಯಾವುದೂ ಬೇಡ. ಕಂಪನಿಯದೇ ಆ್ಯಪ್ ಲೆನೊವೊ ವ್ಯಾಂಟೇಜ್ ಒಂದನ್ನು ಹಾಕಿಕೊಳ್ಳಿ. ಲ್ಯಾಪ್‌ಟಾಪ್ ದಿನವಿಡೀ ಚಾರ್ಜರ್‌ನಲ್ಲೇ ಇರುವುದಾದರೆ ಅದರಲ್ಲಿ ಚಾರ್ಜ್ ಮಿತಿಯನ್ನು ಶೇ 80ಕ್ಕೆ ನಿಲ್ಲಿಸಿ, ಬ್ಯಾಟರಿ ಜಾಸ್ತಿ ದಿನ ಬಾಳುತ್ತದೆ. ಥಂಡರ್‌ಬೋಲ್ಟ್ ಫರ್ಮ್‌ವೇರ್ (ಯುಎಸ್‌ಬಿ-ಸಿ ಪೋರ್ಟ್ ನಡೆಸುವ ಚಿಪ್‌ನ ಒಳಗಿನ ತಂತ್ರಾಂಶ) ಅಪ್‌ಡೇಟ್ ಆಗಿದೆಯೇ ಅಂತಲೂ ಅವತ್ತೇ ನೋಡಿ. ಹಳೇ ಫರ್ಮ್‌ವೇರ್‌ನ ದೋಷದಿಂದ ಈ ಮಾದರಿಯ ಯುಎಸ್‌ಬಿ-ಸಿ ಪೋರ್ಟ್ ಕೆಲಸ ನಿಲ್ಲಿಸುವುದುಂಟು, ಅದಕ್ಕೆ ಲೆನೊವೊ ಪರಿಹಾರ ಬಿಡುಗಡೆ ಮಾಡಿದೆ. ಈ ಯಂತ್ರ ಚಾರ್ಜ್ ಆಗುವುದೂ ಅದೇ ಪೋರ್ಟಿನಲ್ಲಿ ಅಲ್ವಾ? ಅಪ್‌ಡೇಟ್ ಮುಗಿಯುವವರೆಗೆ ಚಾರ್ಜರ್ ಕೀಳಬೇಡಿ.